ಮುಚ್ಚಿದವರೇ ತೆರೆಯಬೇಕು

ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆಯೇ ನಾನು ಅತ್ತೆಯಿಂದ ಬೈಸಿಕೊಂಡೆ. ಮಾಡಿದ ಅಪರಾಧ ಇಷ್ಟೇ: ಚಹಾ ಮಾಡಲೆಂದು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಿದ್ದೆ. "ಅದನ್ನ ಮುಚ್ಚಿದ್ದು ನಾನು. ತೆಗೆಯೋ ಮುಂಚೆ ಒಂದು ಮಾತು ಕೇಳ್ಬೇಕಿತ್ತು," ಎಂದರು ಅತ್ತೆ. ನಾನೋ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು. ಸಕ್ಕರೆ ಡಬ್ಬಿಗೂ ಅಪ್ಪಣೆ ಬೇಡುವ ಮನೆಗೆ ಬಂದು ಬಿದ್ದೆನಲ್ಲ ಎಂದು ಕುದಿಯುತ್ತಿದ್ದಾಗ, ಬಸ್ಸಿನ ಚಾಲಕರಾಗಿದ್ದ ಮಾವನವರು ಪತ್ರಿಕೆಯ ಮರೆಯಿಂದಲೇ ಸಮಾಧಾನ ಹೇಳಿದರು: "ಡಬ್ಬಿ ಬಿಡಮ್ಮ. ಇವಳು ಬಾಯಿ ತೆಗೆದ್ರೆ ಮುಚ್ಚೋಕೂ ಇವಳೇ ಬೇಕು. ನಾನು ಪ್ರಯತ್ನ ಮಾಡಿ ಸೋತಿದೀನಿ."

ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸಕ್ಕರೆ ಹಾಕಿ, ಮುಚ್ಚುವ ಮುಂಚೆ ಬೆರಳಿನ ಗೆಣ್ಣಿನಿಂದ ಅದರ ಮೈಗೆ ಟಕ್ ಟಕ್ ಎಂದು ಕುಟ್ಟಿ ಒಂದು ಗಳಿಗೆ ಕಿವಿಗೊಟ್ಟರು. ಆಮೇಲೆ ಮುಚ್ಚಿದರು. ಬಟ್ಟೆಯ ಪೆಟ್ಟಿಗೆಗೂ ಹಾಗೆಯೇ, ನೀರಿನ ಡ್ರಮ್ಮಿಗೂ ಹಾಗೆಯೇ. ಇವರಿಗೆ ತಲೆಯಲ್ಲಿ ಎಲ್ಲೋ ಒಂದು ಸ್ಕ್ರೂ ಸಡಿಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಗಂಡನನ್ನು ಕೇಳಿದಾಗಲೇ ವಿಷಯ ತಿಳಿದದ್ದು.

ಅತ್ತೆ ವಿಮಾನ ಕಾರ್ಖಾನೆಯಲ್ಲಿದ್ದರು. ಜನರನ್ನು ಹೊತ್ತೊಯ್ಯುವ ವಿಮಾನವಲ್ಲ, ಯುದ್ಧವಿಮಾನ. ಅದುವರೆಗೆ ದೇಶ ಅಂಥವನ್ನೆಲ್ಲ ಹೊರಗಿನಿಂದಲೇ ಕೊಳ್ಳುತ್ತಿತ್ತು. ಇಲ್ಲಿಯವರೇ ಗೆರೆ ಎಳೆದು, ಇಲ್ಲಿಯವರೇ ತಗಡು ಬಗ್ಗಿಸಿ ಕಟ್ಟಿದ ಮೊದಲನೆಯದು ಅದು. ಪೈಲಟ್ ಕೂರುವ ಜಾಗದ ಹಿಂದೆ, ವಿಮಾನದ ಹೊಟ್ಟೆಯಲ್ಲಿ, ಇಂಧನದ ತೊಟ್ಟಿ. ಆ ತೊಟ್ಟಿಯೊಳಗೆ ತಗಡಿಗೆ ತಗಡು ಸೇರುವ ಕಡೆಯಲ್ಲೆಲ್ಲ ಒಂದು ಬಗೆಯ ಅಂಟು ಮೆತ್ತಬೇಕು. ಎಲ್ಲೇ ಒಂದು ಕೂದಲೆಳೆ ಸಂದು ಉಳಿದರೂ ಇಂಧನ ಸೋರುತ್ತದೆ. ಸೋರಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಕೆಳಗಿನಿಂದ ಒಳಗೆ ಹೋಗಲು ಇದ್ದದ್ದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಿಂಡಿ. ಅದರಲ್ಲಿ ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಭುಜ ಓರೆ ಮಾಡಿ ತೂರಿಕೊಳ್ಳಬಲ್ಲಂಥ ದೇಹ ಇಡೀ ಕಾರ್ಖಾನೆಯಲ್ಲಿ ಅತ್ತೆಯದೊಂದೇ. ಕುಳ್ಳಗೆ, ಕಪ್ಪಗೆ, ಕಡ್ಡಿಯ ಹಾಗಿದ್ದರು. ಕಚ್ಚಿದರೆ ಬಿಡುತ್ತಿರಲಿಲ್ಲ. ಕಾರ್ಖಾನೆಯವರು ಇಟ್ಟ ಅಡ್ಡಹೆಸರು ಕಟ್ಟಿರುವೆ.

ವಿಮಾನದ ದೊಡ್ಡ ಸಣ್ಣ ಕಿಂಡಿಗಳಿಗೆಲ್ಲ, ಒಳಗಿನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರಿಗೂ ಒಂದೊಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಅವರ ಸಂಖ್ಯೆ. ಒಳಗೆ ಹೋಗುವವರು ಬಿಲ್ಲೆಯನ್ನು ಕಿಂಡಿಯ ಅಂಚಿಗೆ ತೂಗುಹಾಕಿ ಹೋಗಬೇಕು. ಬಿಲ್ಲೆ ತೂಗುತ್ತಿದೆ ಎಂದರೆ ಕೆಲಸ ಮುಗಿದಿಲ್ಲ, ಮುಚ್ಚಬಾರದು. ಒಂದು ದಿನ ಅತ್ತೆ ಒಳಗಿದ್ದಾಗ ಬಿಲ್ಲೆ ಯಾರದೋ ಭುಜ ತಾಗಿ ಕೆಳಗೆ ಬಿತ್ತು. ಪಾಳಿ ಬದಲಾಯಿತು. ಹೊಸದಾಗಿ ಬಂದವನು ಕಿಂಡಿ ಖಾಲಿ ಇದೆಯೆಂದುಕೊಂಡು ಮುಚ್ಚಳ ಕೂರಿಸಿ ಬಿಗಿದು ಹೊರಟುಹೋದ. ಅತ್ತೆ ಕತ್ತಲಲ್ಲಿ, ಅಂಟಿನ ಘಾಟಿನಲ್ಲಿ, ಕೈಯಲ್ಲಿದ್ದ ಸ್ಪ್ಯಾನರಿನಿಂದ ತಗಡು ಬಡಿಯುತ್ತಲೇ ಇದ್ದರು. ಹೊರಗೆ ನೂರು ಸುತ್ತಿಗೆಗಳ ಸದ್ದು. ಅದರಲ್ಲಿ ಇವರದೂ ಒಂದು. ಕೊನೆಗೆ ಊಟದ ಗಂಟೆ ಹೊಡೆದು ಎಲ್ಲ ಸುತ್ತಿಗೆಗಳೂ ನಿಂತಾಗ ಒಂದು ಮಾತ್ರ ನಿಲ್ಲಲಿಲ್ಲ. ಎತ್ತರದ ಆಳಾದ್ದರಿಂದ ಉದ್ದಕ್ಕ ಎಂದು ಕರೆಸಿಕೊಳ್ಳುತ್ತಿದ್ದ ಅವರ ಗೆಳತಿ, ತಗಡು ಜೋಡಿಸುವ ರಿವೆಟ್ ಹೊಡೆಯುವವಳು, ಓಡಿಬಂದು ಮುಚ್ಚಳ ಬಿಚ್ಚಿದಳು.

ಮುಖ್ಯ ವಿನ್ಯಾಸಕರು ಆಗ ಕಾರ್ಖಾನೆಯಲ್ಲೇ ಇದ್ದರು. ಸದಾ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಿದ್ದ ಅವರನ್ನು ಎಲ್ಲರೂ ಗೆರೆಯಜ್ಜ ಎನ್ನುತ್ತಿದ್ದರು. ಸುದ್ದಿ ಕೇಳಿ ಅವರು ಬಂದು ಅತ್ತೆಯ ಎದುರು ನೆಲದ ಮೇಲೆಯೇ ಕುಳಿತು, ಏನು ಮಾಡಿದರೆ ಮತ್ತೆ ಹೀಗಾಗುವುದಿಲ್ಲ ಎಂದು ಕೇಳಿದರಂತೆ. ಮುಚ್ಚುವವರ ಹೆಸರು ಎಲ್ಲರಿಗೂ ಕಾಣಬೇಕು ಎಂದರಂತೆ ಅತ್ತೆ. ಆ ವಾರವೇ ಗೋಡೆಯ ಮೇಲೆ ಆಳೆತ್ತರದ ಕಪ್ಪು ಹಲಗೆ ಬಂತು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಿಯಮ: ಮುಚ್ಚುವ ಮುಂಚೆ ಕುಟ್ಟಿ ಕೇಳಬೇಕು. ಮುಚ್ಚಿದವರು ತಮ್ಮ ಹೆಸರು ಬರೆಯಬೇಕು. ಮುಚ್ಚಿದವರೇ ತೆರೆಯಬೇಕು, ಬೇರೆಯವರು ತೆರೆದರೆ ಆ ಕಿಂಡಿಯ ಹೊಣೆ ತೆರೆದವರದು, ಹಲಗೆಯ ಮೇಲೆ ಅವರ ಹೆಸರು.

ಸಕ್ಕರೆ ಡಬ್ಬಿಯ ಕಥೆ ಇದು. ಕೇಳಿದ ಮೇಲೆ ನನ್ನ ಕೋಪ ಇಳಿಯಿತು. ಆದರೂ ಚಹಾಕ್ಕೆ ಅಂತ ಬೇರೆ ಒಂದು ಡಬ್ಬಿ ಇಟ್ಟುಕೊಂಡೆ. ಅತ್ತೆಗೆ ತಕ್ಕ ಸೊಸೆಯಾಗಬೇಕಲ್ಲ!

ಇನ್ನು ಆ ವಿಮಾನದ ಪಾಡು ಹೇಳಬೇಕು. ಹೇಳಲು ಹೊರಟರೆ ನನಗೆ ಈಗಲೂ ಮೈ ಉರಿಯುತ್ತದೆ. ವಾಯುಪಡೆಯ ದೊಡ್ಡವರು ಮೊದಲು ವಿಮಾನ ಹಗುರವಾಗಿರಲಿ ಎಂದರು. ಹಗುರ ಮಾಡಿದರೆ, ಇಷ್ಟು ಬಾಂಬನ್ನೂ ಹೊರಲಾರದೇ ಎಂದರು. ಹೊರುವ ಹಾಗೆ ಬಲಪಡಿಸಿದರೆ, ವೇಗ ಸಾಲದು ಎಂದರು. ವೇಗ ಬೇಕಾದರೆ ದೊಡ್ಡ ಇಂಜಿನ್ ಬೇಕು. ಇಂಜಿನ್ ಕೊಡುತ್ತೇನೆಂದಿದ್ದ ದೇಶ ಅಷ್ಟರಲ್ಲಿ ತನ್ನದೇ ಯುದ್ಧವಿಮಾನವನ್ನು ನಮಗೆ ಮಾರಲು ಬಂದು ರಾಜಧಾನಿಯ ಹೋಟೆಲಿನಲ್ಲಿ ಕೂತಿತ್ತು. ಎದುರು ಅಂಗಡಿ ಹಾಕುವವನಿಗೆ ತನ್ನ ತಕ್ಕಡಿ ಕೊಡುವ ದಡ್ಡ ವ್ಯಾಪಾರಿ ಎಲ್ಲಿದ್ದಾನೆ? ಇಂಜಿನ್ ಬರಲಿಲ್ಲ. ಇಂಜಿನ್ ಇಲ್ಲದ್ದರಿಂದ ತಡವಾಯಿತು. ತಡವಾದದ್ದರಿಂದ ಪತ್ರಿಕೆಗಳು ನಮ್ಮ ವಿಮಾನವನ್ನು ಹುಟ್ಟುವ ಮುಂಚೆಯೇ ಮುದಿಯಾದ ಕೂಸು ಎಂದು ಬರೆದವು. ಹೊರಗಿನ ವಿಮಾನದ ಬಣ್ಣದ ಚಿತ್ರಗಳು ಮಾತ್ರ ಅದೇ ಪುಟದಲ್ಲಿ ಮಿರಮಿರ ಮಿಂಚುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಆ ದೊಡ್ಡವರು ತಾಯಿಯ ಹಾಲಿನ ಜೊತೆಗೇ ಕುಡಿದಿರಬೇಕು.

ನಮ್ಮದರಲ್ಲಿ ಕುಂದೇ ಇರಲಿಲ್ಲ ಎನ್ನುವಷ್ಟು ಕುರುಡಿ ನಾನಲ್ಲ. ಹೊಸ ಇಂಜಿನ್ ಬಾರದೆ ಹಳೆಯ ಸಣ್ಣ ಇಂಜಿನ್ ಹಾಕಿ ಕಟ್ಟಿದ್ದ ಮೂರು ವಿಮಾನಗಳಲ್ಲಿ ಮೊದಲನೆಯದರ ಇಂಜಿನ್ ಆಕಾಶದಲ್ಲೇ ನಿಂತು, ಅದು ಬಯಲಲ್ಲಿ ಬಿದ್ದು ಮುರಿದುಹೋಯಿತು. ಪೈಲಟ್ ಕಾಲು ಮುರಿದುಕೊಂಡು ಉಳಿದ. ಎರಡನೆಯದನ್ನು ಬಿಚ್ಚಿ ಅದರ ಭಾಗಗಳನ್ನು ಮೂರನೆಯದಕ್ಕೆ ಹಾಕಿದರು. ಹಾರುವ ಸ್ಥಿತಿಯಲ್ಲಿದ್ದದ್ದು ಆ ಮೂರನೆಯದು ಒಂದೇ. ಅಷ್ಟು ಹೊತ್ತಿಗೆ ಗೆರೆಯಜ್ಜನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದ್ದರು. ಅವರ ಜಾಗಕ್ಕಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಜಾಗಕ್ಕೆ, ರಾಜಧಾನಿಯಿಂದ ಹೊಸ ವ್ಯವಸ್ಥಾಪಕರು ಬಂದರು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಾತಿನಲ್ಲಿ ಒಂದು ಮುಳ್ಳಿಲ್ಲ. ಕೆಲಸಗಾರರು ಅವರಿಗೆ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟರು.

ಹೊರಗಿನ ವಿಮಾನ ಕೊಳ್ಳುವುದು ಬಹುತೇಕ ನಿಶ್ಚಯವಾಗಿತ್ತು. ಆಗ ಸರ್ಕಾರ ಬದಲಾಗಿ ಹೊಸ ಮಂತ್ರಿ ಬಂದ. ಅವನಿಗೆ ನಮ್ಮ ಮೇಲೆ ಪ್ರೀತಿಯೇನೂ ಇರಲಿಲ್ಲ. ಹಳೆಯ ಮಂತ್ರಿ ಮಾಡಿದ್ದನ್ನು ಕೆದಕುವುದರಲ್ಲಿ ಪ್ರೀತಿ. ಎರಡೂ ವಿಮಾನಗಳು ಒಂದೇ ದಿನ ಒಂದೇ ಆಕಾಶದಲ್ಲಿ ಖರೀದಿ ಸಮಿತಿಯ ಎದುರು ಹಾರಲಿ, ನೋಡಿಯೇ ಕೊಳ್ಳೋಣ ಎಂದು ಘೋಷಿಸಿಬಿಟ್ಟ. ಕಾರ್ಖಾನೆಗೆ ಹೋದ ಜೀವ ಬಂದಂತಾಯಿತು. ಅತ್ತೆ ಮೂರನೆಯ ವಿಮಾನದ ತೊಟ್ಟಿಯೊಳಗೆ ಹೋಗಿ, ಅಂಟು ಮೆತ್ತಿ, ಕುಟ್ಟಿ ಕೇಳಿ, ಕಿಂಡಿ ಮುಚ್ಚಿ, ಹಲಗೆಯ ಮೇಲೆ ತಮ್ಮ ಹೆಸರು ಬರೆದು, ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಬಂದರು. ಅಂದು ರಾತ್ರಿ ಊಟಕ್ಕೆ ಕೂತಾಗ ಮಾವನವರ ಹಾಸ್ಯಕ್ಕೂ ನಕ್ಕರು. ಅದು ಅಪರೂಪ.

ಪರೀಕ್ಷೆಗೆ ಇನ್ನು ಕೆಲವೇ ದಿನಗಳಿದ್ದಾಗ ಇಸ್ತ್ರಿ ಸಾಹೇಬರು ವಿಮಾನ ಕಟ್ಟುವ ಹಾಲ್‌ಗೆ ಬಂದರು. ಅಲ್ಲಿ ನಡೆದದ್ದನ್ನು ಉದ್ದಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಅಲ್ಲಿದ್ದೆನೋ ಎನ್ನಿಸುತ್ತದೆ. ಸಾಹೇಬರು ಬೆಣ್ಣೆಯಂಥ ದನಿಯಲ್ಲಿ, ತೊಟ್ಟಿಯ ಬಗ್ಗೆ ಯಾರೋ ಅನುಮಾನ ಪಟ್ಟಿದ್ದಾರೆ, ಒಮ್ಮೆ ಕಿಂಡಿ ತೆಗೆದು ಒಳಗೆಲ್ಲ ನೋಡಿ ಮತ್ತೆ ಮುಚ್ಚಿಬಿಡೋಣ ಎಂದರು. ಯಾರು ಅನುಮಾನ ಪಟ್ಟವರು ಎಂದು ಅತ್ತೆ ಕೇಳಿದರು. ಮೇಲಿನವರು ಎಂದರು ಸಾಹೇಬರು. ಮೇಲಿನವರಿಗೆ ಹೆಸರಿಲ್ಲವೇ ಎಂದರು ಅತ್ತೆ.

ಆ ಕಿಂಡಿ ತೆಗೆದರೆ ಏನಾಗುತ್ತದೆಂದು ಹಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾಹೇಬರಿಗಂತೂ ಚೆನ್ನಾಗಿಯೇ ಗೊತ್ತಿತ್ತು, ಅವರೂ ಇಂಜಿನಿಯರೇ. ತೊಟ್ಟಿ ಬರಿದು ಮಾಡಬೇಕು, ಮುಚ್ಚಳದ ಅಂಚಿನ ಅಂಟು ಕೆರೆದು ತೆಗೆಯಬೇಕು, ಹೊಸದು ಮೆತ್ತಬೇಕು, ಅದು ತಾನಾಗಿ ಒಣಗಬೇಕು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಅಷ್ಟು ಹೊತ್ತಿಗೆ ಸಮಿತಿ ಬಂದು, ಹೊರಗಿನ ವಿಮಾನ ಹಾರಿ, ನಮ್ಮದು ಸಿದ್ಧವಿರಲಿಲ್ಲ ಎಂದು ಒಂದು ಸಾಲು ಬರೆದುಕೊಂಡು ಹೋಗಿರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ವಿಮಾನವನ್ನು ಯಾರೂ ಕೊಂದಂತಿರಬಾರದು, ಅದು ತಾನೇ ಕಣ್ಣು ಮುಚ್ಚಿದಂತಿರಬೇಕು.

"ಇದು ಸೋರಲ್ಲ. ನಾನು ತೆಗೆಯಲ್ಲ," ಎಂದರು ಅತ್ತೆ.

ಸಾಹೇಬರು ಗದರಲಿಲ್ಲ. ಯೋಚನೆ ಮಾಡಿ ನಾಳೆ ಹೇಳಿ ಎಂದು ಹೇಳಿ, ಹೋಗುವಾಗ ತೀರಾ ಸಹಜವಾಗಿ, ನಿಮ್ಮ ಮಗ ಬಣ್ಣದ ವಿಭಾಗದಲ್ಲಿದ್ದಾನಲ್ಲವೇ ಎಂದು ವಿಚಾರಿಸಿದರು.

ಆ ಸಂಜೆ ನಮ್ಮ ಮನೆಯಲ್ಲಿ ಯಾರ ಮುಖವೂ ನೆಟ್ಟಗಿರಲಿಲ್ಲ. ನಾನಾಗ ಬಸುರಿ. ವಾಸಕ್ಕಿದ್ದದ್ದು ಕಾರ್ಖಾನೆಯ ಮನೆ: ಎರಡು ಕೋಣೆ, ಒಂದು ಅಡುಗೆಮನೆ, ಬಣ್ಣದ ವಿಭಾಗದಲ್ಲಿ ಉಳಿದ ಬೂದು ಬಣ್ಣ ಬಳಿದ ಬಾಗಿಲುಗಳು. ಗಂಡ ಕುರ್ಚಿಯಲ್ಲಿ ಕೂರದೆ ಬಾಗಿಲಿಗೊರಗಿ ನಿಂತುಕೊಂಡೇ ಮಾತಾಡಿದರು. ಅವರು ಹೇಡಿಯಲ್ಲ. ಆದರೆ ದೂರದ ಘಟಕಕ್ಕೆ ಎತ್ತಂಗಡಿ ಮಾಡಿದರೆ ಹೆರಿಗೆಯ ಹೊತ್ತಿಗೆ ತಾವು ಹತ್ತಿರ ಇರುವುದಿಲ್ಲ ಎಂಬ ಭಯ ಅವರಿಗಿತ್ತು. ಭಯ ನನಗೂ ಇತ್ತು, ಅದನ್ನು ಮುಚ್ಚಿಡುವುದೇನು?

"ಅಮ್ಮ, ಹೇಗಿದ್ರೂ ಅವರು ಹೊರಗಿನದನ್ನೇ ಕೊಳ್ಳೋದು," ಎಂದರು ಗಂಡ. "ನೀನು ಕಿಂಡಿ ತೆಗೆದ್ರೂ ಅಷ್ಟೇ, ತೆಗೀದಿದ್ರೂ ಅಷ್ಟೇ. ಮತ್ತೆ ಯಾಕೆ ನಾವು ಗಾಳೀನ ಗುದ್ದಿ ಮೈ ನೋಯಿಸ್ಕೋಬೇಕು?"

ಅತ್ತೆ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದರು. ಆಮೇಲೆ ಹೇಳಿದರು: "ಕೊಳ್ಳಲಿ. ಅವರ ಕೈಲಿ ಅಧಿಕಾರ ಇದೆ, ಕೊಳ್ಳಲಿ. ಆದ್ರೆ ನಮ್ಮದು ಹಾರೋದನ್ನ ಕಣ್ಣಾರೆ ನೋಡಿ, ಬೇಡ ಅಂತ ಬಾಯಿಬಿಟ್ಟು ಹೇಳಿ ಕೊಳ್ಳಲಿ. ನನ್ನ ಕೈಲಿ ಅದರ ಹೊಟ್ಟೆ ಬಗೆಸಿ, ಸತ್ತೋಗಿತ್ತು ಅಂತ ಹೇಳೋದು ಬೇಡ."

ಗಂಡ ಹೊರಗೆ ಹೋದರು. ಮಾವನವರು ಕೆಮ್ಮಿದರು, ಅಷ್ಟೇ. ಪಾತ್ರೆ ತೊಳೆಯುವಾಗ ಅತ್ತೆ ನನ್ನ ಪಕ್ಕದಲ್ಲಿ ನಿಂತು, ಇನ್ನಾರಿಗೂ ಕೇಳದ ಹಾಗೆ, ತಮಗೆ ಹೆದರಿಕೆಯಾಗುತ್ತಿದೆ ಎಂದರು. ಸಾಹೇಬರದಲ್ಲ. ಒಂದು ವೇಳೆ ನಿಜವಾಗಿಯೂ ಎಲ್ಲೋ ಒಂದು ಸಂದು ಉಳಿದಿದ್ದರೆ? ಪೈಲಟ್‌ನ ಮಕ್ಕಳು ಇನ್ನೂ ಚಿಕ್ಕವು. ಹಟದ ಭರದಲ್ಲಿ ತಾವು ಒಂದು ಜೀವಕ್ಕೆ ಕುತ್ತು ತರುತ್ತಿಲ್ಲ ತಾನೆ ಎಂದು ನನ್ನನ್ನು ಕೇಳಿದರು. ಅಡುಗೆಮನೆಯ ಡಬ್ಬಿಯನ್ನೂ ಕುಟ್ಟಿ ಕೇಳದೆ ಮುಚ್ಚದ ಹೆಂಗಸು ತಾನು ಮುಚ್ಚಿದ್ದನ್ನೇ ನಂಬಲಾರದೆ ನಿಂತಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ನನಗೆ ವಿಮಾನದ ಗಂಧವೂ ಗೊತ್ತಿಲ್ಲ. ಕಿಂಡಿ ತೆಗೆಯದೆಯೇ ನೋಡುವ ದಾರಿ ಏನಾದರೂ ಇದೆಯಾ ಎಂದು ಸುಮ್ಮನೆ ಕೇಳಿದೆ. ಇದೆ ಎಂದರು, ಅದು ಎಲ್ಲರಿಗೂ ಗೊತ್ತಿರುವ ದಾರಿಯೇ.

ಮಾರನೆಯ ಬೆಳಿಗ್ಗೆ ಅತ್ತೆ ನಮ್ಮ ಮನೆಯ ಬಿಳಿಯ ಹಾಸುಬಟ್ಟೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋದರು. ತೊಟ್ಟಿಯನ್ನು ಕಂಠದವರೆಗೆ ತುಂಬಿಸಿ, ವಿಮಾನದ ಹೊಟ್ಟೆಯ ಕೆಳಗೆ ಉದ್ದಕ್ಕೂ ಬಟ್ಟೆ ಹಾಸಿದರು. ಇಂಧನದ ಒಂದು ತೊಟ್ಟು ಬಿದ್ದರೂ ಬಿಳಿಯ ಮೇಲೆ ಹಳದಿ ಕಲೆ ಮೂಡುತ್ತದೆ. ಪೈಲಟ್ ಬಂದ. ಕಾಲು ಮುರಿದುಕೊಂಡಿದ್ದವನೇ ಅವನು, ಆಗಲೂ ಸ್ವಲ್ಪ ಕುಂಟುತ್ತಿದ್ದ. ಅವನಿಗೆ ಅತ್ತೆ ಎಲ್ಲವನ್ನೂ ಹೇಳಿದರು: ಸಾಹೇಬರ ಮಾತು, ತಮ್ಮ ಮಾತು, ತಮ್ಮ ಹೆದರಿಕೆ. ಹಾರುವವನು ನೀನು, ನೀನು ತೆಗಿ ಅಂದರೆ ಈಗಲೇ ತೆಗೆಯುತ್ತೇನೆ ಎಂದರು. ಅವನು ಬೂಟು ಬಿಚ್ಚಿ ಆ ಬಿಳಿ ಬಟ್ಟೆಯ ಮೇಲೆ, ತೊಟ್ಟಿಯ ನೇರ ಕೆಳಗೆ ಕಾಲು ಚಾಚಿ ಮಲಗಿಬಿಟ್ಟ. ಮಧ್ಯಾಹ್ನದವರೆಗೆ ಗೊರಕೆ ಹೊಡೆದ ಎನ್ನುತ್ತಾಳೆ ಉದ್ದಕ್ಕ. ಎದ್ದಾಗ ಬಟ್ಟೆಯ ಮೇಲಿದ್ದದ್ದು ಅವನ ಬೆವರು ಮಾತ್ರ.

ಮಧ್ಯಾಹ್ನದ ಮೇಲೆ, ತುಂಬಿಸಿದ್ದ ಇಂಧನವನ್ನು ಹೊರತೆಗೆದ ಹೊತ್ತಿಗೆ, ಇಸ್ತ್ರಿ ಸಾಹೇಬರು ಬಂದಾಗ ಅವರ ದನಿಯ ಬೆಣ್ಣೆ ಕರಗಿಹೋಗಿತ್ತು. ಅತ್ತೆಯನ್ನು ಆ ಕ್ಷಣದಿಂದ ಕೆಲಸದಿಂದ ಬದಿಗಿರಿಸಿದ್ದೇನೆ ಎಂದರು. ಉದ್ದಕ್ಕನ ಕಡೆ ತಿರುಗಿ ಕಿಂಡಿ ತೆಗೆಯಲು ಹೇಳಿದರು. ಆ ಕಿಂಡಿಗೆ ತೂಗಿದ ಬಿಲ್ಲೆ ನನ್ನದಲ್ಲ ಎಂದಳು ಉದ್ದಕ್ಕ. ಪಕ್ಕದವನಿಗೆ ಹೇಳಿದರು. ಬಿಲ್ಲೆ ನನ್ನದಲ್ಲ ಎಂದ ಅವನು. ಸಾಹೇಬರು ಸಾಲಾಗಿ ಒಬ್ಬೊಬ್ಬರ ಮುಖ ನೋಡಿದರು, ಒಬ್ಬೊಬ್ಬರೂ ಅದನ್ನೇ ಹೇಳಿದರು. ಬಣ್ಣದ ಪೀಪಾಯಿಗಳ ಬಳಿ ನಿಂತಿದ್ದ ನನ್ನ ಗಂಡನ ಸರದಿ ಬಂತು. ಅವರು ಕೈಗಂಟಿದ ಬಣ್ಣವನ್ನು ಬಟ್ಟೆಗೆ ಒರೆಸಿಕೊಂಡರಂತೆ. ಆಮೇಲೆ ಬಿಲ್ಲೆ ನನ್ನದಲ್ಲ ಎಂದರು. ಅದನ್ನು ಕೇಳಿದ ದಿನ ನನಗೆ ನನ್ನ ಗಂಡನ ಮೇಲೆ ಹುಟ್ಟಿದ ಹೆಮ್ಮೆ ಇಂದಿಗೂ ಇಳಿದಿಲ್ಲ.

"ಯಾರೂ ಬೇಡ, ನಾನೇ ತೆಗೀತೀನಿ," ಎಂದರು ಸಾಹೇಬರು. ಸ್ಪ್ಯಾನರ್ ಹಿಡಿದು ವಿಮಾನದ ಹೊಟ್ಟೆಯ ಕೆಳಗಿದ್ದ ಗಿಡ್ಡ ಮೆಟ್ಟಿಲ ಏಣಿ ಹತ್ತಿದರು. ಇಸ್ತ್ರಿ ಮಾಡಿದ ಅಂಗಿಗೆ ಎಣ್ಣೆ ತಾಗಿತು. ಹಾಲ್‌ನಲ್ಲಿ ಒಂದು ಸುತ್ತಿಗೆಯೂ ಆಡುತ್ತಿರಲಿಲ್ಲ.

ಅತ್ತೆ ಅವರನ್ನು ತಡೆಯಲಿಲ್ಲ. ಹಲಗೆಯ ಬಳಿ ಹೋಗಿ ಸುಣ್ಣದ ಕಡ್ಡಿ ತಂದು ಏಣಿಯ ಕೆಳಗೆ ನಿಂತು ಕೈ ಚಾಚಿದರು.

"ಧಾರಾಳವಾಗಿ ತೆಗೀರಿ ಸಾರ್. ತೆಗೆಯೋ ಮುಂಚೆ ನನ್ನ ಹೆಸರು ಅಳಿಸಿ ನಿಮ್ಮ ಹೆಸರು ಬರೀರಿ. ಸಮಿತಿಯೋರು ಬಂದು ಯಾಕೆ ಹಾರಲಿಲ್ಲ ಅಂತ ಕೇಳಿದ್ರೆ, ಹಲಗೆ ತೋರಿಸ್ತೀವಿ. ಅದು ಹಾರಿ ಬಿದ್ರೆ ನನ್ನ ಹೆಸರು ಅಲ್ಲೇ ಇರುತ್ತೆ, ನನ್ನ ನೇಣಿಗೆ ಹಾಕ್ಲಿ. ನಾನು ಅಳಿಸಲ್ಲ."

ಸಾಹೇಬರು ಸ್ಪ್ಯಾನರನ್ನು ಬೋಲ್ಟಿನ ಮೇಲೆ ಇಟ್ಟಿದ್ದರು. ಇಟ್ಟ ಕೈ ಹಾಗೆಯೇ ಇತ್ತು. ಆ ಮನುಷ್ಯ ಜೀವಮಾನವಿಡೀ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬದುಕಿದವರು. ಹೊರಗಿನ ವಿಮಾನ ಬೇಕೆಂದು ಅವರು ಎಲ್ಲೂ ಬರೆದಿರಲಿಲ್ಲ, ನಮ್ಮದು ಬೇಡವೆಂದೂ ಬರೆದಿರಲಿಲ್ಲ. ಕಿಂಡಿ ತೆಗೆಯಲು ಅವರಿಗೆ ಹೇಳಿದವರೂ ಫೋನಿನಲ್ಲೇ ಹೇಳಿರಬೇಕು, ತಮ್ಮ ಹೆಸರು ಎಲ್ಲೂ ಬಾರದ ಹಾಗೆ. ರಾಜಧಾನಿಯಿಂದ ಆ ಏಣಿಯವರೆಗೆ ಇಷ್ಟೊಂದು ಜನ ಸೇರಿ ಆ ವಿಮಾನವನ್ನು ನೆಲಕ್ಕೆ ಒತ್ತಿ ಹಿಡಿದಿದ್ದರಲ್ಲ, ಅದನ್ನು ನಾನೇ ಮಾಡಿದೆ ಎಂದು ಸುಣ್ಣದ ಕಡ್ಡಿಯಲ್ಲಿ ಬರೆಯುವ ಧೈರ್ಯ ಒಬ್ಬನಿಗೂ ಇರಲಿಲ್ಲ.

ಸಾಹೇಬರು ಇಳಿದು ಬಂದರು. ಸ್ಪ್ಯಾನರನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದರು. ಉದ್ದಕ್ಕ ಅದನ್ನು ಇಸಿದುಕೊಂಡಳು.

ಪರೀಕ್ಷೆಯ ದಿನ ನಾವೆಲ್ಲ ಮನೆಗಳ ತಾರಸಿ ಹತ್ತಿ ನೋಡಿದೆವು. ಹೊರಗಿನ ವಿಮಾನ ಮೊದಲು ಹಾರಿತು. ಚೆನ್ನಾಗಿಯೇ ಹಾರಿತು, ಸುಳ್ಳು ಹೇಳಬಾರದು. ನಮ್ಮದು ಓಡುದಾರಿಯ ಕೊನೆಯಲ್ಲಿ ನಿಂತಾಗ ಅತ್ತೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಆಮೇಲೆ ನೋಡಿದರೆ ಅಂಗೈಯಲ್ಲಿ ಅವರ ಸಂಖ್ಯೆ ಅಚ್ಚೊತ್ತಿತ್ತು. ವಿಮಾನ ಎದ್ದಿತು. ಹಳೆಯ ಇಂಜಿನ್ನಿನಲ್ಲೇ ಮೇಲೆ ಹೋಯಿತು, ಮಗುಚಿತು, ತಲೆಕೆಳಗಾಗಿ ಹಾರಿತು, ನಮ್ಮ ತಾರಸಿಯ ಮೇಲೆಯೇ ಎಷ್ಟು ಕೆಳಗೆ ಬಂತೆಂದರೆ ಒಣಗಹಾಕಿದ್ದ ಬಟ್ಟೆಗಳೆಲ್ಲ ಹಾರಿಹೋದವು. ನನ್ನ ಹೊಟ್ಟೆಯೊಳಗಿನ ಕೂಸು ಒದೆಯಿತು. ಅತ್ತೆ ಅಳುತ್ತಿದ್ದರು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ, ಕೆಳಗೆ ಬೀದಿಗೆಲ್ಲ ಕೇಳುವ ಹಾಗೆ, ನೋಡ್ಕೊಳ್ರೋ, ಕಣ್ಣಿದ್ರೆ ನೋಡ್ಕೊಳ್ರೋ ಎಂದು ಕೂಗಿದರು.

ಸಮಿತಿ ನೋಡಿತು. ನೋಡಿ, ನಮ್ಮ ವಿಮಾನದ ಸಾಮರ್ಥ್ಯ ನಿರೀಕ್ಷೆಗಿಂತ ಮೇಲಿದೆ ಎಂದು ಬರೆಯಿತು. ಬರೆದ ಮೇಲೆ ಹೊರಗಿನದನ್ನೇ ಕೊಂಡಿತು. ಮಂತ್ರಿಗೆ ಹಳೆಯದನ್ನು ಕೆದಕುವ ಚಟ ಅಷ್ಟು ಹೊತ್ತಿಗೆ ತೀರಿತ್ತು. ಆದರೆ ಸಿದ್ಧವಿರಲಿಲ್ಲ ಎನ್ನುವ ಮಾತನ್ನು ಮಾತ್ರ ಅವರು ಬರೆಯಲಾಗಲಿಲ್ಲ. ಹಾರಿತು, ಆದರೂ ಬೇಡ ಎಂದೇ ಅವರು ಹೇಳಬೇಕಾಯಿತು, ಮತ್ತು ಅದರ ಕೆಳಗೆ ಒಬ್ಬೊಬ್ಬರೂ ಹೆಸರು ಹಾಕಬೇಕಾಯಿತು.

ನನ್ನ ಗಂಡನನ್ನು ದೂರದ ಘಟಕಕ್ಕೆ ಕಳಿಸಿದರು; ಹೆರಿಗೆಗೆ ಅವರು ಇರಲಿಲ್ಲ, ಅತ್ತೆ ಇದ್ದರು. ಅತ್ತೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರಾದರೂ ಉಗ್ರಾಣದಲ್ಲಿ ನಟ್ಟು ಬೋಲ್ಟು ವಿಂಗಡಿಸಲು ಕೂರಿಸಿದರು, ನಿವೃತ್ತಿಯವರೆಗೂ. ಅಲ್ಲಿ ಅವರ ಬಾಯಿ ಇನ್ನಷ್ಟು ಹರಿತವಾಯಿತು. ಆ ವಿಮಾನ ಮತ್ತೆ ಹಾರಲಿಲ್ಲ. ಹಾಲ್‌ನ ಮೂಲೆಯಲ್ಲಿ ಧೂಳು ಹಿಡಿಯಿತು.

ಎಷ್ಟೋ ವರ್ಷಗಳ ಮೇಲೆ ಕಾರ್ಖಾನೆಯವರಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಉಕ್ಕಿತು. ಮುಖ್ಯ ಗೇಟಿನ ಎದುರಿನ ವೃತ್ತದಲ್ಲಿ ಕಟ್ಟೆ ಕಟ್ಟಿ ಅದನ್ನು ಸ್ಮಾರಕವಾಗಿ ನಿಲ್ಲಿಸುತ್ತಾರಂತೆ. ಒಬ್ಬ ಎಳೆಯ ಇಂಜಿನಿಯರ್ ಮನೆಗೆ ಬಂದ, ಒಳ್ಳೆಯ ಹುಡುಗ. ತೊಟ್ಟಿ ತೆರೆದು ಶುಚಿ ಮಾಡಬೇಕು, ಹಲಗೆಯ ಮೇಲೆ ಇನ್ನೂ ನಿಮ್ಮ ಹೆಸರಿದೆ, ನೀವೇ ಬಂದು ತೆಗೆದುಕೊಡಿ ಎಂದ. ತೆಗೆದ ಮೇಲೆ ಹಾರಿಸುತ್ತೀರಾ ಎಂದು ಅತ್ತೆ ಕೇಳಿದರು. ಇಲ್ಲ ಎಂದ. ಹಾರಿಸುವುದಾದರೆ ಹೇಳಿ, ಆಗ ಬರುತ್ತೇನೆ ಎಂದರು. ಅವನು ನಗುತ್ತ ಚಹಾ ಕುಡಿದು ಹೋದ. ಕಿಂಡಿಯನ್ನು ಹಾಗೆಯೇ ಬಿಟ್ಟ.

ಸ್ಮಾರಕದ ಉದ್ಘಾಟನೆಗೆ ನಮಗೆ ಕರೆ ಇರಲಿಲ್ಲ. ಜನ ಕರಗಿದ ಮಾರನೆಯ ದಿನ ಅತ್ತೆ ಹೊರಟರು, ಜೊತೆಗೆ ನಾನು ಮತ್ತು ಉದ್ದಕ್ಕ. ಅಡುಗೆಮನೆಯ ಮರದ ಸ್ಟೂಲನ್ನು ಚೀಲದಲ್ಲಿ ಹಾಕಿಕೊಂಡು ಬಾ ಎಂದರು. ದಾರಿಯಲ್ಲಿ ಕೂರಲು ಇರಬೇಕು ಎಂದುಕೊಂಡು, ಗೊಣಗುತ್ತಲೇ ಹೊತ್ತುಕೊಂಡು ಹೋದೆ.

ಕಟ್ಟೆಗೆ ನುಣುಪಾದ ಕಲ್ಲು ಹಾಕಿ, ಈ ಕನಸನ್ನು ನನಸು ಮಾಡಿದ ಮಹನೀಯರು ಎಂದು ಕೆತ್ತಿಸಿದ್ದರು. ಮಂತ್ರಿಗಳ ಹೆಸರುಗಳಿದ್ದವು. ಇಸ್ತ್ರಿ ಸಾಹೇಬರ ಹೆಸರೂ ಇತ್ತು, ಚಿನ್ನದ ಬಣ್ಣದಲ್ಲಿ. ಗೆರೆಯಜ್ಜನ ಹೆಸರು ಇರಲಿಲ್ಲ. ಅವತ್ತು ಸುಣ್ಣದ ಕಡ್ಡಿಯಲ್ಲಿ ಬರೆಯಲು ಹೆದರಿದ ಹೆಸರು ಈಗ ಕಲ್ಲಿನಲ್ಲಿ ಕೂತಿತ್ತು. ನನಗೆ ರಕ್ತ ನೆತ್ತಿಗೇರಿತು. ಚೀಲದಲ್ಲಿದ್ದ ಸ್ಟೂಲಿನಿಂದಲೇ ಆ ಕಲ್ಲನ್ನು ಒಡೆಯುತ್ತೇನೆ ಎಂದೆ. ಅತ್ತೆ ಅದನ್ನು ಓದಿ ಮುಗಿಸಿ ನನ್ನ ಕೈಯಿಂದ ಸ್ಟೂಲ್ ಇಸಿದುಕೊಂಡರು. ಸರಪಳಿ ಬೇಲಿ ದಾಟಿ ವಿಮಾನದ ಹೊಟ್ಟೆಯ ಕೆಳಗೆ ಅದನ್ನಿಟ್ಟು ಹತ್ತಿದರು. ಅವರ ಕೈ ಕೊರಳ ಬಿಲ್ಲೆಗೆ ಹೋದದ್ದು ಕಂಡು, ಕೊಡು, ನಾನು ನಿಂತಲ್ಲಿಂದಲೇ ಎಟುಕಿಸುತ್ತೇನೆ ಎಂದಳು ಉದ್ದಕ್ಕ.

"ಬಿಲ್ಲೆ ನಿಂದಲ್ಲ," ಎಂದರು ಅತ್ತೆ.

ಕಿಂಡಿಯ ಮುಚ್ಚಳಕ್ಕೆ ಟಕ್ ಟಕ್ ಎಂದು ಕುಟ್ಟಿದರು. ಕಿವಿಗೊಟ್ಟರು. ಆಮೇಲೆ ಕೊರಳಿನಿಂದ ಬಿಲ್ಲೆ ತೆಗೆದು, ಕಿಂಡಿಯ ಅಂಚಿನ ಬೋಲ್ಟಿಗೆ ತಂತಿಯಿಂದ ಸುತ್ತಿ, ಕೆಲಸಕ್ಕೆ ಒಳಗೆ ಹೋಗುವವರು ತೂಗುಹಾಕುವ ಹಾಗೆಯೇ ತೂಗುಹಾಕಿದರು. ಕಾವಲಿನವನು ಸೀಟಿ ಊದುತ್ತ ಓಡಿಬಂದ. ಅಷ್ಟರಲ್ಲಿ ಪಾಳಿ ಬಿಟ್ಟು ಗೇಟಿನಿಂದ ಹೊರಬರುತ್ತಿದ್ದ ಹಳೆಯ ಕೆಲಸಗಾರರು ಅದನ್ನು ನೋಡಿ ನಿಂತುಬಿಟ್ಟರು. ಅದರ ಅರ್ಥವನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಬ್ಬ ಕಾವಲಿನವನ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋದ.

ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಹೊರಗಿನಿಂದ ಕೊಂಡ ಆ ವಿಮಾನಗಳೂ ಹಳೆಯವಾಗಿ ಗುಜರಿಗೆ ಹೋದವು. ನಾನು ಬಸ್ಸಿನಲ್ಲಿ ಆ ವೃತ್ತವನ್ನು ಸುತ್ತುವಾಗಲೆಲ್ಲ ಕಿಟಕಿಯಿಂದ ಬಗ್ಗಿ ನೋಡುತ್ತೇನೆ. ವಿಮಾನಕ್ಕೆ ಆಗಾಗ ಹೊಸ ಬಣ್ಣ ಹೊಡೆಯುತ್ತಾರೆ. ಹೊಡೆಯುವವರು ಬಿಲ್ಲೆಯನ್ನು ಬಿಟ್ಟು ಸುತ್ತ ಹೊಡೆಯುತ್ತಾರೆ. ಅದನ್ನು ತೆಗೆಯಬೇಕಾದವರು ಅತ್ತೆ. ಅವರು ತೆಗೆದಿಲ್ಲ. ಕಾರ್ಖಾನೆಯ ನಿಯಮದ ಪ್ರಕಾರ ಆ ವಿಮಾನದ ಕೆಲಸ ಇನ್ನೂ ಮುಗಿದಿಲ್ಲ.